ಹದಿಹರೆಯದ ಸವಾರರಿಗೆ ದೊಡ್ಡ ಟೂರಿಂಗ್ ಬೈಕ್ ಕೊಡುವ ಕ್ರಮದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಶಿವಮೊಗ್ಗ

ಮಾನ್ಯ ಗ್ರಾಹಕರಿಗೆ ಮತ್ತು ಪೋಷಕರಿಗೆ ನಮಸ್ಕಾರಗಳು.

ಬರುವ ಜೂನ್ 1ರಿಂದ ನಮ್ಮ ಸಹಕಾರಿಯ ಬಾಡಿಗೆ ವಿಭಾಗದಲ್ಲೂ ಸರ್ವಿಸ್ ವಿಭಾಗದಲ್ಲೂ ಒಂದು ಕ್ರಮ ಬದಲಾಗಲಿದೆ. 18 ತುಂಬಿ ಇನ್ನೂ 20 ತುಂಬದ ಸವಾರರಿಗೆ, ಚಾಲನಾ ಪರವಾನಗಿ ಇದ್ದರೂ, 400 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಟೂರಿಂಗ್ ಬೈಕ್‌ಗಳನ್ನು ನೇರವಾಗಿ ಬಾಡಿಗೆಗೆ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಅವರು ನಮ್ಮಲ್ಲಿ ಕೆಲವು ಹಂತಗಳನ್ನು ದಾಟಿದ ಮೇಲೆ ಮಾತ್ರ ಆ ಬೈಕ್‌ಗಳ ಕೀಲಿ ಅವರ ಕೈಗೆ ಬರುತ್ತದೆ. 18 ತುಂಬದವರ ಕೈಗೆ ಸರ್ವಿಸ್ ಮುಗಿದ ಯಾವ ಬೈಕನ್ನೂ, ಅದು ಅವರ ಸ್ವಂತ ಮನೆಯದೇ ಆಗಿದ್ದರೂ, ಯಾರು ಫೋನ್ ಮಾಡಿ ಹೇಳಿದರೂ ಕೊಡುವುದಿಲ್ಲ. ಈ ನಿರ್ಧಾರದಿಂದ ನಿಮ್ಮಲ್ಲಿ ಕೆಲವರಿಗೆ ಅನನುಕೂಲವಾಗುತ್ತದೆ, ಇನ್ನು ಕೆಲವರಿಗೆ ಬೇಸರವೂ ಆದೀತು ಎಂಬುದು ನಮಗೆ ಗೊತ್ತಿರುವುದರಿಂದ, ನಾಲ್ಕು ಸಾಲಿನ ಸೂಚನೆಯನ್ನು ಗೋಡೆಗೆ ಅಂಟಿಸಿ ಸುಮ್ಮನಾಗದೆ ಕಾರಣಗಳನ್ನು ವಿವರವಾಗಿ ಬರೆಯುತ್ತಿದ್ದೇವೆ.

ಕಳೆದ ನವರಾತ್ರಿಯ ರಜೆಯಲ್ಲಿ, ಪರವಾನಗಿ ಸಿಕ್ಕಿ ಎರಡು ತಿಂಗಳಷ್ಟೇ ಆಗಿದ್ದ ಒಬ್ಬ ಹುಡುಗನಿಗೆ ನಾವು 450 ಸಿಸಿಯ ಬೈಕೊಂದನ್ನು ಕೊಟ್ಟೆವು. ಅವನ ತಂದೆ ನಮ್ಮಲ್ಲಿಗೆ ಹತ್ತು ವರ್ಷಗಳಿಂದ ಬರುವವರು, ಅಡಿಕೆ ಬೆಳೆಗಾರರು, ಮಾತಿಗೆ ತಪ್ಪದವರು. ಅವರು ಫೋನಿನಲ್ಲಿ ಕೇಳಿದಾಗ ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ. ಹುಡುಗ ಉಡುಪಿಗೆ ಹೋಗಿ, ಮರುದಿನ ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದಾಗ ಎಡಕ್ಕೆ ಸುತ್ತುವ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಕಂಡು ಬೈಕ್ ನಿಲ್ಲಿಸಿದ. ಅವನು ವೇಗವಾಗಿ ಬಂದಿರಲಿಲ್ಲ, ಬಸ್ಸಿನ ಚಾಲಕರದ್ದೂ ತಪ್ಪಿರಲಿಲ್ಲ. ಆದರೆ ಎಡಗಾಲನ್ನು ಊರಲು ಹೋದಾಗ ಅಲ್ಲಿ ನೆಲ ಅವನ ಕಾಲಿಗೆ ಎಟುಕಲಿಲ್ಲ. ಬೈಕ್ ಎಡಕ್ಕೆ ವಾಲಿತು, ಹೊರೆಯ ಸಮೇತ ಕಾಲಿನ ಮೇಲೆಯೇ ಮಲಗಿತು, ಪಾದದ ಗಂಟಿನ ಮೂಳೆ ಮುರಿಯಿತು. ಬಸ್ಸಿನಲ್ಲಿದ್ದವರು ಇಳಿದು ಬೈಕ್ ಎತ್ತಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅವನೀಗ ನಡೆಯುತ್ತಿದ್ದಾನೆ. ಅವನ ಪರೀಕ್ಷೆ ತಪ್ಪಿಹೋಯಿತು. ತಂದೆ ನಮ್ಮ ಮೇಲೆ ಒಂದು ಮಾತನ್ನೂ ಆಡಲಿಲ್ಲ, ಆದರೆ ಕೀಲಿ ಕೊಟ್ಟವರು ನಾವು. ಆ ಬೈಕಿನ ಮೇಲೆ ಕುಳಿತಾಗ ಅವನ ಕಾಲು ನೆಲಕ್ಕೆ ಎಷ್ಟು ತಾಗುತ್ತದೆ ಎಂಬುದನ್ನು ಕೂಡ ನಾವು ನೋಡಿರಲಿಲ್ಲ, ಪರವಾನಗಿಯ ಕಾರ್ಡನ್ನಷ್ಟೇ ನೋಡಿದ್ದೆವು.

ಈ ಘಟನೆಯ ಬಗ್ಗೆ ನಮ್ಮ ಮೆಕ್ಯಾನಿಕ್‌ಗಳೂ ಹಳೆಯ ಸವಾರರೂ ಕೂತು ಹಲವು ಬಾರಿ ಮಾತಾಡಿದೆವು. ಹದಿಹರೆಯದವರು ಎಂದೊಡನೆ ಎಲ್ಲರೂ ವೇಗದ ಮಾತು ಎತ್ತುತ್ತಾರೆ. ನಮ್ಮ ಅನುಭವದಲ್ಲಿ ದೊಡ್ಡ ಬೈಕು ಹೊಸ ಸವಾರನಿಗೆ ಮೊದಲು ಕೈಕೊಡುವುದು ವೇಗದಲ್ಲಲ್ಲ, ನಿಲ್ಲುವಾಗ, ತಿರುಗಿಸುವಾಗ, ಇಳಿಜಾರಿನಲ್ಲಿ ಸ್ಟ್ಯಾಂಡ್ ಹಾಕುವಾಗ. ಘಾಟಿಯ ತಿರುವುಗಳಲ್ಲಿ ರಸ್ತೆಯ ಒಳಬದಿ ತಗ್ಗಾಗಿರುತ್ತದೆ. ಬಯಲಿನಲ್ಲಿ ಪಾದ ಪೂರ್ತಿ ಊರುವ ಸವಾರನಿಗೂ ಅಲ್ಲಿ ನಾಲ್ಕೈದು ಬೆರಳಿನಷ್ಟು ನೆಲ ತಪ್ಪುತ್ತದೆ. ಬೈಕ್ ನೆಟ್ಟಗೆ ನಿಂತಿರುವವರೆಗೆ ಅದರ ತೂಕವೇ ತಿಳಿಯುವುದಿಲ್ಲ, ಸಮತೋಲದ ಗೆರೆಯನ್ನು ಸ್ವಲ್ಪ ದಾಟಿ ವಾಲಿತೆಂದರೆ ಗಟ್ಟಿ ಆಳಿಗೂ ಅದನ್ನು ತಡೆದು ನಿಲ್ಲಿಸುವುದು ಕಷ್ಟ. ಹಳೆಯ ಸವಾರರು ಇಂಥ ಕಡೆ ನಿಲ್ಲುವುದೇ ಇಲ್ಲ. ತಿರುವಿಗೆ ಮೊದಲೇ ಎದುರಿನ ವಾಹನವನ್ನು ಗಮನಿಸಿ ನೇರವಾದ ಜಾಗದಲ್ಲಿ ಕಾಯುತ್ತಾರೆ, ಅರ್ಧ ಕ್ಲಚ್ಚಿನಲ್ಲಿ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿಹಿಡಿದು, ಮುಂದಿನ ಚಕ್ರವನ್ನು ನೋಡದೆ ತಿರುವಿನ ಕೊನೆಯನ್ನು ನೋಡುತ್ತಾ ಸುತ್ತುತ್ತಾರೆ, ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕಿಗೆ ಕೈಹಾಕುವುದಿಲ್ಲ. ಇದನ್ನು ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು. ಆಗುಂಬೆಯ 14 ತಿರುವುಗಳು ಕಲಿಯುವ ಜಾಗವಲ್ಲ.

“ಮನೆಯಲ್ಲಿ ಬುಲೆಟ್ ಓಡಿಸುತ್ತಾನೆ, ಇದೇನು ಮಹಾ” ಎಂದು ಹಲವು ಪೋಷಕರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಜನ ಬುಲೆಟ್ ಎಂದೇ ಕರೆಯುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕಿಲೋ, ಅದೇ ಕಂಪನಿಯ ಟೂರಿಂಗ್ ಬೈಕ್ ಹಿಮಾಲಯನ್ 450ರ ತೂಕ 196 ಕಿಲೋ. ತೂಕದಲ್ಲಿ ಎರಡೂ ಒಂದೇ ಎನ್ನಬೇಕು. ಆದರೆ ಕ್ಲಾಸಿಕ್‌ನ ಸೀಟು ನೆಲದಿಂದ 805 ಮಿಲಿಮೀಟರ್ ಎತ್ತರದಲ್ಲಿದ್ದರೆ ಹಿಮಾಲಯನ್‌ನದು 825, ಅದನ್ನು 845ರವರೆಗೂ ಏರಿಸಬಹುದು. ಕ್ಲಾಸಿಕ್‌ನ ಎಂಜಿನ್ ಸುಮಾರು 20 ಅಶ್ವಶಕ್ತಿ ಕೊಡುತ್ತದೆ, ಹಿಮಾಲಯನ್‌ನದು ಅದರ ಎರಡರಷ್ಟು. 17 ಲೀಟರ್ ಟ್ಯಾಂಕ್ ತುಂಬಿಸಿ, ಎರಡು ಬದಿಗೆ ಪೆಟ್ಟಿಗೆ ಕಟ್ಟಿ, ಹಿಂದೆ ಸ್ನೇಹಿತನನ್ನು ಕೂರಿಸಿಕೊಂಡರೆ ಬೈಕಿನ ಭಾರವೆಲ್ಲ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ನಮ್ಮ ಊರುಗಳಲ್ಲಿ ಹೆಚ್ಚಿನ ಮಕ್ಕಳು ಕೈ ಪಳಗಿಸಿಕೊಳ್ಳುವುದು 112 ಕಿಲೋ ತೂಗುವ ಸ್ಪ್ಲೆಂಡರ್‌ನಂಥ ಬೈಕಿನಲ್ಲಿ; ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದವರಿಗೆ ಗೇರು ಹಾಕುವುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೊಸದೇ.

ಕಾನೂನು ಈ ವ್ಯತ್ಯಾಸವನ್ನು ಗುರುತಿಸುವುದಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ 16 ತುಂಬಿದವರು 50 ಸಿಸಿ ಮೀರದ ಮೋಟಾರ್ ಸೈಕಲ್ಲನ್ನು ಮಾತ್ರ ಓಡಿಸಬಹುದು, ಉಳಿದದ್ದಕ್ಕೆಲ್ಲ 18 ತುಂಬಿರಬೇಕು. 18 ತುಂಬಿದ ಮೇಲೆ ಮಿತಿಯೇ ಇಲ್ಲ. ಕಲಿಕಾ ಪರವಾನಗಿ ಪಡೆದು 30 ದಿನ ಕಳೆದ ಮೇಲೆ 100 ಸಿಸಿಯ ಬೈಕಿನಲ್ಲಿ ಪರೀಕ್ಷೆ ಕೊಟ್ಟು ಪಾಸಾದವನು ಆ ಒಂದೇ ಪರವಾನಗಿಯಲ್ಲಿ 1,833 ಸಿಸಿಯ ಹೋಂಡಾ ಗೋಲ್ಡ್ ವಿಂಗ್ ಅನ್ನೂ ಓಡಿಸಬಹುದು. ಯುರೋಪಿನ ಒಕ್ಕೂಟದಲ್ಲಿ ಹೀಗಿಲ್ಲ. ಅಲ್ಲಿ ಸಾಮಾನ್ಯವಾಗಿ 16ಕ್ಕೆ 125 ಸಿಸಿಯವರೆಗೆ, 18ಕ್ಕೆ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿಯವರೆಗೆ, ಆ ದರ್ಜೆಯಲ್ಲಿ ಎರಡು ವರ್ಷ ಕಳೆದ ಮೇಲೆ 20ಕ್ಕೆ ಮಿತಿಯಿಲ್ಲದ ಬೈಕು. ನೇರವಾಗಿ ಕೊನೆಯ ದರ್ಜೆಗೇ ಹೋಗುವವರು 24ರವರೆಗೆ ಕಾಯಬೇಕು. ಜಪಾನಿನಲ್ಲೂ 16ಕ್ಕೆ 400 ಸಿಸಿಯವರೆಗೆ, ಅದಕ್ಕಿಂತ ದೊಡ್ಡದಕ್ಕೆ 18. ಹಾಗೆ ನೋಡಿದರೆ ಹಿಮಾಲಯನ್ 450 ಯುರೋಪಿನಲ್ಲೂ 18ರ ಸವಾರನಿಗೆ ಸಿಗಬಹುದಾದ ಬೈಕೇ ಹೌದು, ಇದನ್ನು ನಾವು ಮರೆಮಾಡುವುದಿಲ್ಲ. ಆದರೆ ಅಲ್ಲಿ ಪರೀಕ್ಷೆ ನಡೆಯುವುದು ಆ ದರ್ಜೆಯ ಬೈಕಿನ ಮೇಲೆಯೇ. ನಮ್ಮಲ್ಲಿ ಆ ನಡುವಿನ ಮೆಟ್ಟಿಲು ಇಲ್ಲ, ಅದನ್ನು ನಮ್ಮ ಮಟ್ಟಿಗೆ ನಾವೇ ಕಟ್ಟಿಕೊಳ್ಳಬೇಕಾಗಿದೆ.

ಮೊದಲು ನಮ್ಮಲ್ಲಿ ಹೆಚ್ಚಿನವರು ಹೇಳಿದ್ದು 21ರವರೆಗೆ ದೊಡ್ಡ ಬೈಕೇ ಬೇಡ ಎಂದು. ಅದನ್ನು ಒಪ್ಪದಿರಲು ಒಬ್ಬ ಹುಡುಗಿ ಕಾರಣ. ಹೊಸನಗರದ ಕಡೆಯ ಆಕೆ 18 ತುಂಬಿದಾಗಿನಿಂದ ನಮ್ಮ 150 ಸಿಸಿಯ ಬೈಕನ್ನು ಮತ್ತೆ ಮತ್ತೆ ಬಾಡಿಗೆಗೆ ಒಯ್ದು, ಸಾಗರ, ನಿಟ್ಟೂರು, ಕೊಲ್ಲೂರುಗಳ ರಸ್ತೆಗಳನ್ನೆಲ್ಲ ಸುತ್ತಿ, ಪ್ರತಿ ಸಲ ಬಂದು ಎಲ್ಲಿ ಹೆದರಿಕೆಯಾಯಿತು, ಎಲ್ಲಿ ಚಕ್ರ ಜಾರಿತು ಎಂದು ನಮ್ಮ ಹಿರಿಯ ಮೆಕ್ಯಾನಿಕ್ ಹತ್ತಿರ ಕೂತು ಕೇಳುತ್ತಿದ್ದಳು. 19ರಲ್ಲಿ ಆಕೆ ದೊಡ್ಡ ಬೈಕ್ ಹತ್ತಿದಾಗ ನಮಗೆ ಯಾವ ಆತಂಕವೂ ಇರಲಿಲ್ಲ. ಆಕೆ ಎತ್ತರದವಳೂ ಅಲ್ಲ, ಬಲಶಾಲಿಯೂ ಅಲ್ಲ. ಹಾಗಾಗಿ ವಯಸ್ಸಿನ ಗೋಡೆ ಕಟ್ಟುವ ಬದಲು ಆಕೆ ತಾನಾಗಿಯೇ ನಡೆದುಬಂದ ದಾರಿಯನ್ನೇ ಕ್ರಮವಾಗಿ ಮಾಡಿದ್ದೇವೆ.

18ರಿಂದ 20ರ ನಡುವಿನ ಸವಾರರು ಮೊದಲು ನಮ್ಮ 200 ಸಿಸಿ ಒಳಗಿನ ಬೈಕಿನಲ್ಲಿ ಕನಿಷ್ಠ ಮೂರು ಪ್ರವಾಸ ಮುಗಿಸಿರಬೇಕು. ಮನೆಯಲ್ಲೇ ಬೈಕಿದ್ದು ಪರವಾನಗಿಗೆ ಒಂದು ವರ್ಷ ತುಂಬಿದ್ದರೆ ಇದರ ಅಗತ್ಯವಿಲ್ಲ. ಅನಂತರ ನಮ್ಮ ಶೆಡ್ಡಿನ ಹಿಂದಿನ ಅಂಗಳದಲ್ಲಿ ಅರ್ಧ ದಿನದ ಅಭ್ಯಾಸ. ಅಲ್ಲಿ ದೊಡ್ಡ ಬೈಕನ್ನು ಎಂಜಿನ್ ಆಫ್ ಮಾಡಿ ತಳ್ಳುವುದು, ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ನಿಲ್ಲಿಸುವುದು, ನಡಿಗೆಯ ವೇಗದಲ್ಲಿ ಎಂಟರ ಆಕಾರ ಸುತ್ತುವುದು, ಒದ್ದೆ ಮಣ್ಣಿನಲ್ಲಿ ಬ್ರೇಕ್ ಒತ್ತಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗ ಲಿವರ್ ಹೇಗೆ ಮಿಡಿಯುತ್ತದೆಂದು ತಿಳಿಯುವುದು, ಇವೆಲ್ಲ ಇರುತ್ತವೆ. ಮಲಗಿದ ಬೈಕನ್ನು ಒಬ್ಬರೇ ಎತ್ತುವುದನ್ನೂ ಕಲಿಸುತ್ತೇವೆ: ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಸೊಂಟದ ಬದಲು ಕಾಲಿನ ಬಲದಿಂದ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ಏಳಿಸಬೇಕು. ಇದಕ್ಕೆ ಶುಲ್ಕವಿಲ್ಲ. ಮೂರನೆಯದಾಗಿ ನಮ್ಮ ಸವಾರರೊಬ್ಬರ ಜೊತೆ ಎರಡು ಓಡಾಟ. ಮೊದಲನೆಯದು ತುಂಗೆಯ ಬದಿಯಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಹಾದು ತೀರ್ಥಹಳ್ಳಿಗೆ ಹೋಗಿಬರುವುದು. ಎರಡನೆಯದು ಹುಲಿಕಲ್ ಅಥವಾ ಆಗುಂಬೆ ಘಾಟಿಯನ್ನು ಇಳಿದು ಹತ್ತುವುದು. ಈ ಎರಡಕ್ಕೂ ಬೈಕಿನ ಬಾಡಿಗೆ ಮತ್ತು ಪೆಟ್ರೋಲಿನ ಹಣ ಮಾತ್ರ ನಿಮ್ಮದು. ಇಷ್ಟಾದ ಮೇಲೆ ಅವರ ಹೆಸರು ನಮ್ಮ ಪುಸ್ತಕದಲ್ಲಿ ಸೇರುತ್ತದೆ, ಮತ್ತೆ ಯಾವ ಪ್ರಶ್ನೆಯೂ ಇಲ್ಲ.

ಘಾಟಿಯ ಓಡಾಟ ಮಾತ್ರ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನಡೆಯುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಆ ತಿಂಗಳುಗಳಲ್ಲಿ ರಸ್ತೆಯ ಅಂಚಿಗೆ ಪಾಚಿ ಹಿಡಿದಿರುತ್ತದೆ, ಮಂಜು ಕವಿದರೆ ಹತ್ತು ಮಾರು ಮುಂದಿನದೂ ಕಾಣುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು, ಸವಾರನ ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಸುಮಾರು 17 ಮೀಟರ್ ಸಾಗಿಬಿಟ್ಟಿರುತ್ತದೆ. ಮಳೆ ಬಿಟ್ಟ ಮೇಲೂ ನಮ್ಮ ರಸ್ತೆಗಳು ಒಂದೇ ತೆರನಾಗಿರುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ರಸ್ತೆ ಬದಿಗೆ ಸುರಿದ ಹಸಿ ಸಿಪ್ಪೆ ಡಾಂಬರಿನ ಮೇಲೆ ಹರಡಿರುತ್ತದೆ, ಮರದ ನೆರಳಿನ ತಿರುವಿನಲ್ಲಿ ಒದ್ದೆ ದರಗು ಇರುತ್ತದೆ, ಸಂಜೆಗೆ ದನ ಮನೆಗೆ ಬರುತ್ತವೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇವೆಲ್ಲ ಕಣ್ಣಿಗೆ ಪರಿಚಿತ, ಆದರೆ ಬಸ್ಸಿನ ಕಿಟಕಿಯಿಂದ ಕಂಡ ರಸ್ತೆಯೇ ಬೇರೆ, ಹ್ಯಾಂಡಲ್ ಹಿಡಿದು ಕಾಣುವ ರಸ್ತೆಯೇ ಬೇರೆ.

18 ತುಂಬದವರ ವಿಷಯದಲ್ಲಿ ಹಂತಗಳ ಮಾತಿಲ್ಲ. “ಮಗನನ್ನು ಕಳಿಸುತ್ತೇನೆ, ಗಾಡಿ ಕೊಟ್ಟು ಕಳಿಸಿ” ಎಂಬ ಫೋನು ನಮಗೆ ವಾರಕ್ಕೆ ಒಂದೆರಡಾದರೂ ಬರುತ್ತದೆ, ಇಷ್ಟು ದಿನ ನಾವು ಅದಕ್ಕೆ ಒಪ್ಪಿದ್ದೂ ಉಂಟು. 2019ರಲ್ಲಿ ಕಾಯ್ದೆಗೆ ಸೇರಿದ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಇಲ್ಲವೇ ವಾಹನದ ಮಾಲೀಕರೇ ತಪ್ಪಿತಸ್ಥರು: 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ತುಂಬುವವರೆಗೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದವರಿಂದ ಅಪಘಾತವಾದಾಗ ವಿಮಾ ಕಂಪನಿ ತಾನು ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲಿ ಮಾಡುವ ಸಾಧ್ಯತೆಯೂ ಇದೆ. 17ರ ಹುಡುಗ ಬೈಕಿನ ಬಗ್ಗೆ ನಮ್ಮಷ್ಟೇ ತಿಳಿದವನಾಗಿರಬಹುದು, ಅಂಥವರನ್ನು ನಾವು ನೋಡಿದ್ದೇವೆ. ಅವನು ಗ್ಯಾರೇಜಿಗೆ ಬಂದು ಕೆಲಸ ನೋಡಲಿ, ಚೈನ್ ಬಿಗಿ ಮಾಡುವುದನ್ನು, ಟೈರಿನ ಗಾಳಿ ನೋಡುವುದನ್ನು ಕಲಿಯಲಿ. ನಮ್ಮ ಪ್ರವಾಸಗಳಲ್ಲಿ ಹಿಂಬದಿ ಸವಾರನಾಗಿ ಬರುವುದಕ್ಕೂ ಅಡ್ಡಿಯಿಲ್ಲ, ಪೋಷಕರ ಒಪ್ಪಿಗೆ ಮತ್ತು ಐಎಸ್‌ಐ ಗುರುತಿನ, ಪಟ್ಟಿ ಬಿಗಿದ ಹೆಲ್ಮೆಟ್ ಇರಬೇಕಷ್ಟೆ. ಕೀಲಿ ಮಾತ್ರ ಅವನ ಕೈಗೆ ಕೊಡುವುದಿಲ್ಲ. ನಿಮಗೆ ಬರಲು ಬಿಡುವಿಲ್ಲದಿದ್ದರೆ ಶಿವಮೊಗ್ಗ ಪಟ್ಟಣದೊಳಗೆ ಸರ್ವಿಸ್ ಆದ ಬೈಕನ್ನು ನಾವೇ ಮನೆಗೆ ತಲುಪಿಸುತ್ತೇವೆ, ಅದಕ್ಕೆ ಹಣ ಕೇಳುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಬುಧವಾರ ಮತ್ತು ಶನಿವಾರ ನಮ್ಮ ಪಿಕಪ್ ಹೊರಡುತ್ತದೆ, ಅದರಲ್ಲಿ ಕಳಿಸಬಹುದು.

ಜೂನ್ 1ರ ನಂತರದ ದಿನಗಳಿಗೆ ಈಗಾಗಲೇ ದೊಡ್ಡ ಬೈಕ್ ಕಾದಿರಿಸಿರುವ 20 ತುಂಬದ ಗ್ರಾಹಕರು ಅದೇ ದಿನಗಳಿಗೆ ಸಣ್ಣ ಬೈಕನ್ನು ಪಡೆಯಬಹುದು, ಬಾಡಿಗೆಯ ವ್ಯತ್ಯಾಸವನ್ನು ಹಿಂದಿರುಗಿಸುತ್ತೇವೆ. ಬೇಡವೆಂದರೆ ಮುಂಗಡದ ಹಣ ಪೂರ್ತಿಯಾಗಿ ವಾಪಸು. 20 ದಾಟಿದವರಿಗೆ ಹಿಂದಿನ ಕ್ರಮವೇ ಮುಂದುವರಿಯುತ್ತದೆ, ಆದರೆ ಪರವಾನಗಿ ಹೊಸದಾಗಿದ್ದರೆ ಅರ್ಧ ದಿನದ ಅಭ್ಯಾಸಕ್ಕೆ ಅವರೂ ಬಂದರೆ ನಮಗೆ ಸಂತೋಷ.

ಈ ಕ್ರಮದಿಂದ ನಮಗೆ ಸ್ವಲ್ಪ ವ್ಯಾಪಾರ ಕಡಿಮೆಯಾಗುತ್ತದೆ. ರಜೆಯ ದಿನಗಳಲ್ಲಿ ದೊಡ್ಡ ಬೈಕ್ ಕೇಳಿ ಬರುವವರಲ್ಲಿ ಕಾಲೇಜಿನ ಮಕ್ಕಳೇ ಹೆಚ್ಚು, ಕಾಯಲು ಮನಸ್ಸಿಲ್ಲದವರು ಬೇರೆ ಕಡೆ ಹೋಗಬಹುದು. ಸದಸ್ಯರೆಲ್ಲ ಸೇರಿ ಇದನ್ನು ಲೆಕ್ಕ ಹಾಕಿಯೇ ಒಪ್ಪಿದ್ದೇವೆ.

ಅಂಗಳದ ಅಭ್ಯಾಸ ಪ್ರತಿ ಭಾನುವಾರ ಬೆಳಿಗ್ಗೆ 7 ಗಂಟೆಗೆ ಆರಂಭವಾಗುತ್ತದೆ. ಒಂದು ದಿನಕ್ಕೆ ನಾಲ್ವರಿಗೆ ಮಾತ್ರ ಜಾಗವಿರುವುದರಿಂದ ಗುರುವಾರದೊಳಗೆ ಹೆಸರು ಕೊಡಬೇಕು. ಚಾಲನಾ ಪರವಾನಗಿಯ ಮೂಲ ಪ್ರತಿ, ಸ್ವಂತ ಹೆಲ್ಮೆಟ್ ಇದ್ದರೆ ಅದು, ಪಾದದ ಗಂಟು ಮುಚ್ಚುವ ಶೂ ತರಬೇಕು; ಚಪ್ಪಲಿಯಲ್ಲಿ ಬಂದವರನ್ನು ಬೈಕ್ ಹತ್ತಿಸುವುದಿಲ್ಲ. ತಂದೆತಾಯಿಯರು ಜೊತೆಗೆ ಬಂದು ನೋಡಬಹುದು. ಕಳೆದ ವರ್ಷ ಬಿದ್ದ ಆ ಹುಡುಗ ವೈದ್ಯರ ಒಪ್ಪಿಗೆ ಪಡೆದು ಮೊದಲ ಭಾನುವಾರಕ್ಕೆ ಹೆಸರು ಬರೆಸಿದ್ದಾನೆ, ಅವನ ತಂದೆಯೂ ಬರುತ್ತೇನೆಂದಿದ್ದಾರೆ.

ಇಂತು ತಮ್ಮ ವಿಶ್ವಾಸಿಗಳು,
ಸಹಕಾರಿಯ ಸದಸ್ಯರ ಪರವಾಗಿ
ವ್ಯವಸ್ಥಾಪಕರು