ಭಾನುವಾರ ಕಬ್ಬನ್ ಉದ್ಯಾನದಲ್ಲಿ ಗುಲ್‌ಮೊಹರ್ ಚಿತ್ರರಚನೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 8 ಗಂಟೆಗೆ ಕಬ್ಬನ್ ಉದ್ಯಾನದ ಬ್ಯಾಂಡ್‌ಸ್ಟ್ಯಾಂಡ್ ಬಳಿ ಸೇರಿ, ಈಗ ಮೈತುಂಬ ಹೂಬಿಟ್ಟಿರುವ ಗುಲ್‌ಮೊಹರ್ ಮರಗಳನ್ನು ಜಲವರ್ಣದಲ್ಲಿ ಚಿತ್ರಿಸಲಿದ್ದೇವೆ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು, ಮುಂದೆ ಬೆಂಗಳೂರಿನ ಹೂಮರಗಳನ್ನು ಹಬ್ಬದಂತೆ ಚಿತ್ರಿಸಿದ ರುಮಾಲೆ ಚನ್ನಬಸವಯ್ಯನವರಿಗೆ (1910–1988) ಆ ಕೆಂಪು ಎಲ್ಲಿಂದ ದಕ್ಕಿತೆಂದು ಕಳೆದ ವಾರ ಹಲವರು ಕೇಳಿದ್ದೀರಿ. ಉತ್ತರ ಮರದ ಕೆಳಗೇ ಸಿಗಬಹುದೆಂದು ನನಗನ್ನಿಸುತ್ತದೆ.

ಕುಂಚ ಹಿಡಿಯುವ ಮೊದಲು ಉದುರಿದ ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿ. ಐದು ಎಸಳುಗಳಲ್ಲಿ ಒಂದು ಮಾತ್ರ ಬೆಳ್ಳಗಿದ್ದು, ಅದರ ಮೇಲೆ ಕೆಂಪು ಗೆರೆಗಳೂ ಚುಕ್ಕೆಗಳೂ ಇರುತ್ತವೆ. ಒದ್ದೆ ಹಸಿರಿನ ಮೇಲೆ ಕೆಂಪು ಬಿದ್ದರೆ ಎರಡೂ ಕಲೆತು ಕಂದಾಗುವುದರಿಂದ (ಹೋದ ಬಾರಿ ನನ್ನ ಮರ ಒಣಗಿದಂತೆ ಕಂಡದ್ದು ಹೀಗೆಯೇ) ಹೂವಿನ ಜಾಗದಲ್ಲಿ ಕಾಗದವನ್ನು ಬಿಳಿಯಾಗಿಯೇ ಉಳಿಸಿಕೊಳ್ಳಿ.

ಕಾಗದ, ರಟ್ಟು, ಬಣ್ಣ, ಎರಡು ಬಾಟಲಿ ನೀರು ಹಾಗೂ ಕೂರಲು ಚಾಪೆ ತರಬೇಕು. ಭಾನುವಾರ ಉದ್ಯಾನದೊಳಗೆ ವಾಹನ ಬಿಡುವುದಿಲ್ಲವಾದ್ದರಿಂದ ಮೆಟ್ರೊದಲ್ಲಿ ಬರುವುದು ಒಳಿತು. ಕೊಂಬೆ ಕೀಳಬಾರದು, ಬಣ್ಣದ ನೀರನ್ನು ಹುಲ್ಲಿಗೆ ಚೆಲ್ಲದೆ ಬಾಟಲಿಯಲ್ಲೇ ಮರಳಿ ಒಯ್ಯಬೇಕು. ಮಕ್ಕಳೊಂದಿಗೆ ಪೋಷಕರೊಬ್ಬರು ಇರತಕ್ಕದ್ದು.

ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು ಹಾಗೂ ಎಷ್ಟು ಜನರೆಂಬುದನ್ನು ಇಲ್ಲಿಯೇ ತಿಳಿಸಿ. ಹೆಚ್ಚುವರಿ ರಟ್ಟು ಇರುವವರೂ ದಯವಿಟ್ಟು ಹೇಳಿ. ಮಳೆ ಬಂದರೆ ಅಂದು ಬೆಳಿಗ್ಗೆ 6 ಗಂಟೆಗೆ ಸಂದೇಶ ಹಾಕುತ್ತೇನೆ.