ಶೇ 3 ಕೇಳಿದ ಅರ್ಜಿಗೆ ಶೇ 1ರ ಒಪ್ಪಂದ

ಇವರಿಗೆ,
ಮುಖ್ಯ ವ್ಯವಸ್ಥಾಪಕರು,
ಗೃಹಸಾಲ ವಿಭಾಗ

ವಿಷಯ: ಮನೆ ಕಟ್ಟುವ ಸಾಲದ ಆರಂಭಿಕ ಮರುಪಾವತಿ ದರವನ್ನು ನನ್ನ ಒಪ್ಪಿಗೆಯಿಲ್ಲದೆ ಬದಲಿಸಿರುವ ಬಗ್ಗೆ ದೂರು

ಮಾನ್ಯರೇ,

ಮೊದಲ ವರ್ಷ ಸಾಲದ ಶೇ 3ರಷ್ಟು ಅಸಲು ತೀರಿಸುತ್ತೇನೆ ಎಂದು ಅರ್ಜಿಯಲ್ಲಿ ಬರೆದು ಸಹಿ ಮಾಡಿ ಕೊಟ್ಟಿದ್ದೆ. ಆರಂಭಿಕ ಮರುಪಾವತಿ ದರ ಎಂದರೆ ಇದೇ. ನಿಮ್ಮ ಕಚೇರಿಯಿಂದ ಬಂದ ಒಪ್ಪಂದದ ಕರಡಿನಲ್ಲಿ ಅದು ಶೇ 1 ಆಗಿದೆ. ಬಡ್ಡಿ ಮಾತನಾಡಿದಂತೆಯೇ ಇದೆ: ವಾರ್ಷಿಕ ಶೇ 4, 10 ವರ್ಷಗಳಿಗೆ ಸ್ಥಿರ. ತಿಂಗಳ ಕಂತನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದೀರಿ. ಮರುಪಾವತಿ ದರವನ್ನು ಮಾತ್ರ ನಾಲ್ಕನೆಯ ಪುಟದ ಕೆಳಗಿನ ಕೋಷ್ಟಕದಲ್ಲಿ ಹುಡುಕಿ ಓದಬೇಕು. ಸಾಲ ಯಾವ ವರ್ಷ ತೀರುತ್ತದೆ ಎಂಬ ಮಾತು ಇಡೀ ಕರಡಿನಲ್ಲಿ ಎಲ್ಲಿಯೂ ಇಲ್ಲ.

ವಿಚಾರಿಸಿದಾಗ ನಿಮ್ಮ ಸಾಲ ಅಧಿಕಾರಿ, ‘ಮನೆ ಕಟ್ಟುವಾಗ ಬಾಡಿಗೆಯನ್ನೂ ಕೊಡಬೇಕಲ್ಲ, ಕಂತು ಕಡಿಮೆಯಿದ್ದರೆ ನಿಮಗೇ ಅನುಕೂಲ, ಎಲ್ಲರಿಗೂ ಹೀಗೆಯೇ ಹಾಕುತ್ತೇವೆ’ ಎಂದರು. ಈ ಉತ್ತರ ನಿಮ್ಮದೇ ಕರಡಿಗೆ ಹೊಂದುವುದಿಲ್ಲ. ತಳಪಾಯ, ಗೋಡೆ, ಚಾವಣಿ ಎಂದು ಹಣ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ಕೊನೆಯ ಹಂತದ ಹಣ ಕೈಸೇರುವವರೆಗೆ ಪಡೆದ ಮೊತ್ತಕ್ಕೆ ಬಡ್ಡಿ ಮಾತ್ರ ಕಟ್ಟಬೇಕು, ಅಸಲಿನ ಕಂತು ಅದಾದ ಮೇಲೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನಾವು ಹೊಸ ಮನೆಯಲ್ಲಿರುತ್ತೇವೆ, ಬಾಡಿಗೆಯ ಹೊರೆ ಇರುವುದಿಲ್ಲ. ಇಲ್ಲದ ಬಾಡಿಗೆಯ ನೆಪದಲ್ಲಿ ದಶಕಗಳ ಸಾಲವನ್ನು ಉದ್ದ ಮಾಡುವುದು ಯಾವ ಅನುಕೂಲ?

ಎಷ್ಟು ಉದ್ದ ಎಂಬುದನ್ನು ನಿಮ್ಮ ಸಿಬ್ಬಂದಿ ಹೇಳಲಿಲ್ಲ, ನಾನೇ ಲೆಕ್ಕ ಹಾಕಿದೆ. ಕಂತು ಒಂದೇ ಇರುತ್ತದೆ, ಬಾಕಿ ಕರಗಿದಂತೆ ಅದರಲ್ಲಿ ಬಡ್ಡಿಯ ಪಾಲು ಇಳಿದು ಅಸಲಿನ ಪಾಲು ಏರುತ್ತದೆ. ಬಡ್ಡಿ ಶೇ 4ರಲ್ಲೇ ಉಳಿದರೆ ಶೇ 1ರಿಂದ ಆರಂಭವಾಗುವ ಸಾಲ ತೀರಲು ಸುಮಾರು 40 ವರ್ಷ ಬೇಕು. ಶೇ 2 ಆದರೆ 27 ವರ್ಷ ದಾಟುತ್ತದೆ, ಶೇ 3 ಆದರೆ 21 ವರ್ಷ. ಪಡೆದ ಪ್ರತಿ 100ಕ್ಕೆ ಮೊದಲ ಲೆಕ್ಕದಲ್ಲಿ ಬಡ್ಡಿಯೇ 100ನ್ನು ಮೀರುತ್ತದೆ, ಕೊನೆಯದರಲ್ಲಿ 50ರೊಳಗೆ ಮುಗಿಯುತ್ತದೆ. ನನ್ನ ನಿವೃತ್ತಿಗೆ ಉಳಿದಿರುವುದು 24 ವರ್ಷ. ಮನೆ ಕಟ್ಟಲು ತಗಲುವ ಕಾಲವನ್ನು ಕಳೆದು, ಸಂಬಳ ನಿಲ್ಲುವ ಮೊದಲು ಸಾಲ ತೀರಬೇಕೆಂದು ಶೇ 3 ಕೇಳಿದ್ದೆ. ಅದರ ಕಂತನ್ನು ಕಟ್ಟುವ ಶಕ್ತಿ ನನಗಿದೆ ಎಂಬುದಕ್ಕೆ ಆದಾಯದ ದಾಖಲೆಗಳು ನಿಮ್ಮ ಬಳಿಯೇ ಇವೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು 10 ವರ್ಷದ ನಂತರದ ಸ್ಥಿತಿ. ಶೇ 1ರ ಲೆಕ್ಕದಲ್ಲಿ ಆಗಲೂ ಪ್ರತಿ 100ರಲ್ಲಿ ಸುಮಾರು 88 ಬಾಕಿ ಇರುತ್ತದೆ. ಸ್ಥಿರ ಬಡ್ಡಿಯ ಅವಧಿ ಮುಗಿದ ಆ ದಿನ ದರ ಶೇ 6ಕ್ಕೆ ಏರಿದ್ದರೆ ಆ ಬಾಕಿಗೆ ವರ್ಷದ ಬಡ್ಡಿಯೇ 5.26 ಆಗುತ್ತದೆ. ನಾನು ವರ್ಷವಿಡೀ ಕಟ್ಟುವ ಕಂತಿನ ಮೊತ್ತ, ಮೊದಲ ವರ್ಷದ ಬಡ್ಡಿ 4 ಮತ್ತು ಅಸಲು 1 ಸೇರಿ, 5. ಅಂದರೆ ಹತ್ತು ವರ್ಷ ತಪ್ಪದೆ ಕಟ್ಟಿದವನ ಕಂತು ಬಡ್ಡಿಗೂ ಸಾಲುವುದಿಲ್ಲ. ಶೇ 3ರಿಂದ ಆರಂಭಿಸಿದ್ದರೆ ಬಾಕಿ ಸುಮಾರು 63 ಇರುತ್ತದೆ, ಬಡ್ಡಿ 3.8ರ ಆಸುಪಾಸು, ಕಂತು 7. ದರ ಏರಿದರೂ ಅಸಲು ಕರಗುತ್ತಲೇ ಹೋಗುತ್ತದೆ. ಬಡ್ಡಿ ಅಗ್ಗವಾಗಿರುವಾಗ ಕಡಿಮೆ ಮರುಪಾವತಿ ಸಾಕು ಎಂದು ಸಲಹೆ ಕೊಡುವವರಿಗೂ ಒಂದು ಮಾತು: ಶೇ 2ರ ಬಡ್ಡಿಯಲ್ಲಿ ಶೇ 1ರಿಂದ ಆರಂಭಿಸಿದರೆ ಸಾಲ 55 ವರ್ಷ ನಡೆಯುತ್ತದೆ. ಕಂತಿನಲ್ಲಿ ಬಡ್ಡಿಯ ಪಾಲು ಕಡಿಮೆಯಿದ್ದಷ್ಟೂ, ಅದು ಇಳಿದಂತೆ ಅಸಲಿಗೆ ಸೇರುವ ಉಳಿಕೆಯೂ ಕಡಿಮೆ. ಈ ಸಂಗತಿಯನ್ನು ಗ್ರಾಹಕರಿಗೆ ಮೊದಲು ತಿಳಿಸಬೇಕಾದವರು ನೀವು.

ಆದ್ದರಿಂದ ಕರಡನ್ನು ನನ್ನ ಅರ್ಜಿಯಂತೆ ಶೇ 3ಕ್ಕೆ ತಿದ್ದಿಕೊಡಬೇಕು. ಸ್ಥಿರ ಅವಧಿಯ ಕೊನೆಗೆ ಉಳಿಯುವ ಬಾಕಿಯನ್ನು ತಿಂಗಳ ಕಂತಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಕೆಲಸ ಹೋದರೆ ಅಥವಾ ಕಾಯಿಲೆ ಬಂದರೆ ಕಂತು ತಗ್ಗಿಸಿಕೊಳ್ಳಲು ನಡುವೆ ಮರುಪಾವತಿ ದರ ಬದಲಿಸುವ ಅವಕಾಶ, ಕೈಯಲ್ಲಿ ಹಣವಿದ್ದ ವರ್ಷ ದಂಡವಿಲ್ಲದೆ ಹೆಚ್ಚುವರಿ ಅಸಲು ಕಟ್ಟುವ ಅವಕಾಶ, ಇವೆರಡೂ ಬಾಯಿಮಾತಿನಲ್ಲಿ ಉಳಿಯದೆ ಒಪ್ಪಂದದಲ್ಲಿ ಬರಬೇಕು. ಇನ್ನೂ ಪಡೆಯದ ಮೊತ್ತದ ಮೇಲೆ ನೀವು ಶುಲ್ಕ ಎಣಿಸುವುದು ಮಂಜೂರಾತಿಯ ದಿನದಿಂದ. ಈ ತಿದ್ದುಪಡಿಗೆ ತಗಲುವ ಕಾಲ ನನ್ನಿಂದಾದ ವಿಳಂಬವಲ್ಲ, ಅಷ್ಟು ದಿನಗಳ ಶುಲ್ಕವನ್ನು ಕೈಬಿಡಬೇಕು.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಅರ್ಜಿಯ ಪ್ರತಿ ಮತ್ತು ನಿಮ್ಮ ಕರಡಿನೊಂದಿಗೆ ಬ್ಯಾಂಕುಗಳ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ದೂರು ಸಲ್ಲಿಸುತ್ತೇನೆ. ಈಗಿನ ಕರಡಿಗೆ ನಾನು ಸಹಿ ಹಾಕುವುದಿಲ್ಲ.

ಇಂತಿ,
ನಿಮ್ಮ ಗೃಹಸಾಲ ಗ್ರಾಹಕ

ಅಡಕ: ಸಹಿ ಮಾಡಿದ ಅರ್ಜಿಯ ಪ್ರತಿ, ಒಪ್ಪಂದದ ಕರಡಿನ ನಾಲ್ಕನೆಯ ಪುಟ