ಕಾಲು ಮುಟ್ಟಿ ನೋಡುವ ವಿಷಯ

ತೀರ್ಥಹಳ್ಳಿ

ಪುಟ್ಟಾ, ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಆ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ಮರೆತೇ ಹೋಗಿದೆ. "ಕಾಲು ಬಿಸಿಯಾಗಿದ್ದು ನನ್ನ ಕೈಗೆ ಗೊತ್ತಾಗದೆ, ಕುದುರೆ ಓಡಿಬಿಟ್ಟರೆ ಏನು ದೊಡ್ಡಪ್ಪಾ?" ರಾತ್ರಿ ಮಳೆ ಸದ್ದಿಗೆ ಎಚ್ಚರವಾದಾಗೆಲ್ಲ ಅದೇ ಸಾಲು.

ಬೆಂಗಳೂರಿನ ಲಾಯದಲ್ಲಿ ರೇಸ್ ಕುದುರೆಗಳ ಟ್ರೈನರ್ ಆಗಿದ್ದಾಗ ನನಗೂ ಇದೇ ಹೆದರಿಕೆ ಇತ್ತು. ಬೆಳಗಿನ ಜಾವ ಕುಕ್ಕರಗಾಲಲ್ಲಿ ಕೂತು, ಮಂಡಿ ಕೆಳಗಿನ ಸ್ನಾಯುರಜ್ಜಿನ (ಟೆಂಡನ್) ಮೇಲೆ ಬೆರಳು ಇಳಿಸುವುದು. ಅಲ್ಲಿ ಬಿಸಿ ಅಂದರೆ ಒಳಗೆ ಪೆಟ್ಟಾಗಿರಬಹುದು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಬಿಸಿ ಚೂರು ಜಾಸ್ತಿಯಾ, ಇಲ್ಲ ನನ್ನ ಭ್ರಮೆಯಾ? ಸುಮಾರು 450 ಕಿಲೋ ಮೈ, ಓಡುವಾಗ ಒಂದು ಕ್ಷಣ ಒಂದೇ ಕಾಲಿನ ಮೇಲೆ. ಅದರಲ್ಲೂ ನಿನ್ನ ಪಾಲಿಗೆ ಬಂದಿರುವವು ಎರಡು ವರ್ಷದ ಮರಿಗಳು. ಜನವರಿ 1 ಬಂದರೆ ಎಲ್ಲಕ್ಕೂ ವಯಸ್ಸು ಒಂದು ವರ್ಷ ಹೆಚ್ಚಾಯಿತು ಅಂತ ಕಾಗದದಲ್ಲಿ ಬರೆಯುತ್ತಾರೆ, ಮಂಡಿಯ ಮೂಳೆ ಮಾತ್ರ ಇನ್ನೂ ಕೂಡಿರುವುದಿಲ್ಲ.

ಒಂದು ಕೆಂಚು ಹೆಣ್ಣುಕುದುರೆ ಇತ್ತು. ಬೆಲ್ಲಕ್ಕಾಗಿ ನನ್ನ ಜೇಬಿಗೆ ಮೂತಿ ತೂರಿಸುತ್ತಿತ್ತು. ಓಟದ ದಿನ ಬೆಳಿಗ್ಗೆ ಅದರ ಬಲ ಮುಂಗಾಲು ಬೆಚ್ಚಗಿತ್ತು. ನನ್ನ ಕೈಗೆ ಗೊತ್ತಾಗಿತ್ತು ಕಣೋ. ಗೊತ್ತಾಗಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ನಿನ್ನ ದೊಡ್ಡಮ್ಮನಿಗೂ. ಮಾಲೀಕರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುವವರಿದ್ದರು. ಕುದುರೆ ನೋಡಿಕೊಳ್ಳುವ ಆಳು, ಸೈಸ್, ನನ್ನ ಮುಖ ನೋಡಿದ. ನಾನು ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಸರಿ ಇದೆ" ಅಂದೆ.

ಕೊನೆಯ ತಿರುವು ದಾಟಿದ ಮೇಲೆ ಜಾಕಿ ಲಗಾಮು ಎಳೆದ. ಆಳುಗಳು ಪರದೆ ಹಿಡಿದು ಓಡಿದರು. ಪರದೆ ಯಾಕೆ ಅಂತ ನಿನಗೆ ಗೊತ್ತು, ಕುದುರೆಯ ಕೊನೆ ಜನ ನೋಡಬಾರದು.

ಆಮೇಲೂ ಎಷ್ಟೋ ಕಪ್ ಗೆದ್ದೆ. ಬಿಡು.

ಇದನ್ನೆಲ್ಲ ಹೇಳಿಸಿಕೊಳ್ಳುವ ವಯಸ್ಸು ನಿನ್ನದಲ್ಲವೇನೋ, ಆದರೂ ಬರೆಯುತ್ತೇನೆ. ಬ್ಯಾಂಡೇಜ್ ಬಿಚ್ಚಿದ ಕೂಡಲೇ ಮುಟ್ಟಬೇಡ, ಆ ಬಿಸಿ ಬಟ್ಟೆಯದು. ಸ್ವಲ್ಪ ಗಾಳಿಯಾಡಲಿ. ರಾತ್ರಿ ಮೇವು ಉಳಿಸಿತ್ತಾ ಅಂತ ಸೈಸ್‌ನನ್ನು ಕೇಳು. ಈಗ ಸ್ಕ್ಯಾನ್ ಇದೆ, ನಮಗೆ ಎರಡು ಕೈ ಅಷ್ಟೇ ಇತ್ತು. ಅನುಮಾನ ಬಂದರೆ ಓಟದಿಂದ ಕುದುರೆಯ ಹೆಸರು ವಾಪಸ್ ತೆಗೆಸು. ಮಾಲೀಕರು ಬೈಯಬಹುದು, ಕುದುರೆಯನ್ನೇ ಬೇರೆ ಲಾಯಕ್ಕೆ ಕಳಿಸಬಹುದು. ಹೇಳುವುದು ಸುಲಭ, ನಾನೇ ಮಾಡಲಿಲ್ಲ ಅಲ್ವಾ.

ಇಲ್ಲಿ ಅಡಿಕೆಗೆ ಕೊಳೆ ಶುರುವಾಗಿದೆ. ಮಳೆ ಬಿಟ್ಟರೆ ಔಷಧಿ ಹೊಡೆಸಬೇಕು. ನಿನ್ನೆ ಕೊಟ್ಟಿಗೆಯಲ್ಲಿ ಸುಮ್ನೆ ಕರುವಿನ ಕಾಲು ಮುಟ್ಟಿ ನೋಡುತ್ತಿದ್ದೆ. "ಅದೇನು ರೇಸಿಗೆ ಹೋಗಬೇಕಾ?" ಅಂತ ನಿನ್ನ ದೊಡ್ಡಮ್ಮ ನಕ್ಕಳು. ಈ ಪತ್ರ ಅವಳಿಗೆ ತೋರಿಸಿಲ್ಲ.

ನಿನ್ನ ದೊಡ್ಡಪ್ಪ